ಚಿತ್ರದ ಮೂಲೆಯ ಹುಡುಗಿ

ನವೆಂಬರಿನಲ್ಲಿ ಹಿಮ ಬಿದ್ದು ಕರಗದೆ ನಿಂತ ವಾರವೇ ಪೌಲಾ ತನ್ನ ಮಗಳನ್ನು ಅಣ್ಣನ ಮನೆಯಲ್ಲಿ ಬಿಟ್ಟು ಹೋದಳು. ಕಾರಿನ ಎಂಜಿನ್ ಕೂಡ ಆರಿಸಲಿಲ್ಲ.

"ಕ್ರಿಸ್‌ಮಸ್‌ವರೆಗೆ ಅಷ್ಟೇ ರಾಯ್. ಮಿಲ್ವಾಕಿಯಲ್ಲಿ ಕೆಲಸ ಒಂದು ಗಟ್ಟಿ ಆಗ್ಲಿ, ನಾನೇ ಬಂದು ಕರ್ಕೊಂಡು ಹೋಗ್ತೀನಿ."

"ಒಳಗೆ ಬಾರೆ, ಅಮ್ಮ ಕಾಫಿ ಇಟ್ಟಿದಾಳೆ," ಎಂದ ರಾಯ್.

"ಇನ್ನೊಂದ್ಸಲ. ಕತ್ತಲಾಗೋದ್ರೊಳಗೆ ಸೇತುವೆ ದಾಟ್ಬೇಕು."

ಹುಡುಗಿ ಕೊರಿನ್‌ಗೆ ಹತ್ತು ವರ್ಷ. ಬೂದು ಬಣ್ಣದ ಉಣ್ಣೆ ಕೋಟು ತೊಟ್ಟು, ಒಂದು ಚೀಲ ಹಿಡಿದುಕೊಂಡು ಮೆಟ್ಟಿಲ ಮೇಲೆ ನಿಂತಿದ್ದಳು. ಕಾರು ತಿರುವಿನಲ್ಲಿ ಮರೆಯಾದ ಮೇಲೂ ಅಲ್ಲೇ ನಿಂತಿದ್ದಳು. ಬಾಗಿಲು ಹಾಕಲು ಬಂದ ರಾಯ್ ಅವಳನ್ನು ನೋಡಿ, "ಓ, ಬಾ ಬಾ," ಎಂದು ಒಳಗೆ ಕರೆದುಕೊಂಡ.

ರಾಯ್ ಅಹೋಲಾ ನಮ್ಮ ಲಾರ್ಚ್ ಬೇ ಊರಿನ ರಸ್ತೆಗಳಲ್ಲಿ ಹಿಮ ತಳ್ಳುವ ಲಾರಿ ಓಡಿಸುತ್ತಿದ್ದ. ಚಳಿಗಾಲದಲ್ಲಿ ಮನೆಗೆ ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಅವನ ಹೆಂಡತಿ ಡಾರ್ಲೀನ್ ಊರ ಲೈಬ್ರರಿಯಲ್ಲಿ ಮಕ್ಕಳ ವಿಭಾಗ ನೋಡಿಕೊಳ್ಳುತ್ತಿದ್ದಳು. ಅವರಿಗೆ ಐದು ವರ್ಷದ ಒಬ್ಬನೇ ಮಗ, ಟೆಡ್ಡಿ. ಜೊತೆಗೆ ರಾಯ್‌ನ ತಾಯಿ ಲೆಂಪಿ. ಅವಳನ್ನು ಮಕ್ಕಳೆಲ್ಲ ಮುಮ್ಮು, ಅಂದರೆ ಅಜ್ಜಿ, ಎನ್ನುತ್ತಿದ್ದರು. ಫಿನ್ನಿಶ್ ಮಾತಾಡುವ ಮನೆಯಲ್ಲಿ ಹುಟ್ಟಿ ಚರ್ಚಿನ ಹಾಡಿನ ಪುಸ್ತಕವೊಂದನ್ನು ಮಾತ್ರ ಓದಲು ಕಲಿತವಳು. ಇಂಗ್ಲಿಷ್ ಮಾತಾಡುತ್ತಿದ್ದಳು, ಓದಲು ಬರುತ್ತಿರಲಿಲ್ಲ.

ಅಡುಗೆಮನೆ ಇಕ್ಕಟ್ಟು. ಹೊಸ ಫ್ರಿಜ್ ಬಂದ ಮೇಲೆ ಮೇಜನ್ನು ಗೋಡೆಗೆ ಒತ್ತಿ ಹಾಕಿದ್ದರು. ನಾಲ್ಕು ಕುರ್ಚಿಗಷ್ಟೇ ಜಾಗ. ಕೊರಿನ್ ಒಲೆಯ ಪಕ್ಕದ ಸೌದೆ ಪೆಟ್ಟಿಗೆಯ ಮೇಲೆ ಕೂತು, ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದಳು. ಕ್ರಿಸ್‌ಮಸ್‌ವರೆಗೆ ತಾನೇ ಎಂದು ಯಾರೂ ಅದನ್ನು ಬದಲಿಸಲು ಹೋಗಲಿಲ್ಲ. ಹುಡುಗಿ ಒಂದು ಮಾತಿಗೂ ಎದುರಾಡುತ್ತಿರಲಿಲ್ಲ. ತನ್ನ ತಟ್ಟೆ ತಾನೇ ತೊಳೆಯುತ್ತಿದ್ದಳು, ಶಾಲೆಯ ಬಸ್ಸಿಗೆ ತಾನೇ ಎದ್ದು ಹೋಗುತ್ತಿದ್ದಳು.

"ಮನೇಲಿ ಇದಾಳೆ ಅಂತಾನೇ ಗೊತ್ತಾಗಲ್ಲ ನೋಡಿ," ಎಂದು ಡಾರ್ಲೀನ್ ಪಕ್ಕದ ಮನೆಯವರಿಗೆ ಫೋನಿನಲ್ಲಿ ಹೇಳುತ್ತಿದ್ದಳು. ಅದು ಹೊಗಳಿಕೆಯಾಗಿತ್ತು.

ಕ್ರಿಸ್‌ಮಸ್ ಬಂತು, ಹೋಯಿತು. ಪೌಲಾಳಿಂದ ಒಂದು ಕಾರ್ಡು ಬಂತು. ಅವಳು ಬರಲಿಲ್ಲ.

ಜನವರಿಯಲ್ಲಿ ಡಾರ್ಲೀನ್‌ಗೆ ಕೈತುಂಬ ಕೆಲಸ. ಮಕ್ಕಳಿಗೆ ಓದಿ ಹೇಳಲು ಯಾವ ಪುಸ್ತಕ ಒಳ್ಳೆಯದು ಎಂದು ಪ್ರತಿ ವರ್ಷ ಅವಳು ಒಂದು ಹಳದಿ ಹಾಳೆ ಅಚ್ಚು ಹಾಕಿಸುತ್ತಿದ್ದಳು. ಅದು ಶಾಲೆಗೆ, ಡಾಕ್ಟರ ಕೋಣೆಗೆ, ದಿನಸಿ ಅಂಗಡಿಯ ಬಾಗಿಲಿಗೆ ಹೋಗುತ್ತಿತ್ತು. ಮಗು ಹುಟ್ಟಿದ ಮನೆಯವರು ತೊಟ್ಟಿಲು ತರುವ ಮೊದಲು ಡಾರ್ಲೀನಳ ಹಾಳೆ ತರುತ್ತಾರೆ ಎಂದು ನಮ್ಮೂರಲ್ಲಿ ತಮಾಷೆ ಮಾಡುವುದಿತ್ತು. ಹಾಳೆಯಲ್ಲಿ ಉಳಿದ ಹೆಸರುಗಳು ಬದಲಾಗುತ್ತಿದ್ದವು; ಮೊದಲನೆಯದು ಮಾತ್ರ ಯಾವಾಗಲೂ 'ಉದ್ದನೆಯ ಮೇಜು'. ಒಬ್ಬ ಬೇಕರಿಯಮ್ಮ ರಾತ್ರಿಯೂಟಕ್ಕೆ ಕೂತಾಗ ಬಾಗಿಲು ಬಡಿದು ಮೇಕೆ ಬರುತ್ತದೆ, ಪೋಸ್ಟ್‌ಮ್ಯಾನ್ ಬರುತ್ತಾನೆ, ಕರಡಿ ಬರುತ್ತದೆ, ವಾಲಗದವರು ಬರುತ್ತಾರೆ. ಅವಳು ಯಾರನ್ನೂ ಹೊರಗೆ ನಿಲ್ಲಿಸುವುದಿಲ್ಲ, ಮೇಜಿಗೆ ಒಂದೊಂದು ಹಲಗೆ ಸೇರಿಸುತ್ತಲೇ ಹೋಗುತ್ತಾಳೆ. ನಮ್ಮೂರಲ್ಲಿ ಆ ಪುಸ್ತಕ ಕೇಳದೆ ಬೆಳೆದ ಮಗುವೇ ಇಲ್ಲ.

ಒಂದು ಸಂಜೆ ಡಾರ್ಲೀನ್ ಪ್ಯಾಸ್ಟಿ ಎಂಬ ಕಡುಬಿನ ಹೂರಣಕ್ಕೆಂದು ಆಲೂಗಡ್ಡೆ, ಟರ್ನಿಪ್ ಹೆಚ್ಚುತ್ತಿದ್ದಳು. ಒಳಗಿನ ಸೋಫಾದಲ್ಲಿ ಲೆಂಪಿ ಟೆಡ್ಡಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದೇ ಪುಸ್ತಕ ತೋರಿಸುತ್ತಿದ್ದಳು.

"ಮೇಕೆ ತಿಂತು. ಪೋಸ್ಟ್‌ಮ್ಯಾನೂ ತಿಂದ. ಆ ಹುಡುಗಿಗೆ ಮಾತ್ರ ಇವತ್ತೂ ಜಾಗ ಇಲ್ಲ. ಒಲೆ ಹಿಂದೆ ನಿಂತ್ಕೊಂಡು ನೋಡ್ತಾ ಇದಾಳೆ."

"ಅವಳಿಗೆ ಹಸಿವಾ ಮುಮ್ಮು?"

"ಆಗದೆ ಇರುತ್ತಾ?"

ಡಾರ್ಲೀನ್ ಚಾಕು ಹಿಡಿದೇ ಬಾಗಿಲಿಗೆ ಬಂದಳು. "ಅತ್ತೆ, ಆ ಪುಸ್ತಕದಲ್ಲಿ ಹುಡುಗೀನೇ ಇಲ್ಲ. ಅವನಿಗೆ ಏನೇನೋ ಹೇಳ್ಬೇಡಿ."

"ಇದಾಳಲ್ಲ."

"ಬೇಕರಿಯಮ್ಮ, ಮೇಕೆ, ಪೋಸ್ಟ್‌ಮ್ಯಾನ್, ಕರಡಿ, ವಾಲಗದವರು. ನಂಗೆ ಬಾಯಿಪಾಠ ಬರುತ್ತೆ. ಹುಡುಗಿ ಎಲ್ಲಿಂದ ಬಂದ್ಳು?"

"ನೀನು ಅಕ್ಷರ ಓದ್ತೀಯ ಕಣೆ. ನಂಗೆ ಓದಕ್ಕೆ ಬರಲ್ಲ, ಚಿತ್ರ ನೋಡ್ತೀನಿ. ಬಾ, ನೋಡು."

ಡಾರ್ಲೀನ್ ಕೈ ಒರೆಸಿಕೊಂಡು ಬಗ್ಗಿ ನೋಡಿದಳು. ಲೆಂಪಿಯ ಬೆರಳಿನ ತುದಿಯಲ್ಲಿ, ಒಲೆಗೂ ಗೋಡೆಗೂ ನಡುವಿನ ನೆರಳಿನಲ್ಲಿ, ಅರ್ಧ ಮುಖ, ಒಂದು ಕಣ್ಣು, ಒಲೆಯ ಅಂಚನ್ನು ಹಿಡಿದ ನಾಲ್ಕು ಪುಟ್ಟ ಬೆರಳು. ಬೂದು ಬಣ್ಣದ ಅಂಗಿ ಗೋಡೆಯ ಬಣ್ಣದಲ್ಲೇ ಕಲೆತುಹೋಗಿತ್ತು. ಆದರೆ ಒಮ್ಮೆ ಕಂಡ ಮೇಲೆ ಬೇರೇನೂ ಕಾಣುತ್ತಿರಲಿಲ್ಲ.

ಅವಳು ಹಾಳೆ ತಿರುಗಿಸಿದಳು. ಮುಂದಿನ ಚಿತ್ರದಲ್ಲಿ ಹುಡುಗಿ ನೇತುಹಾಕಿದ ಕೋಟುಗಳ ನಡುವೆ ಇದ್ದಳು. ಅದರ ಮುಂದಿನದರಲ್ಲಿ ಬಾಗಿಲ ಸಂದಿನಲ್ಲಿ. ಕರಡಿ ಬರುವ ಹೊತ್ತಿಗೆ ಅವಳು ಹೊರಗಿದ್ದಳು. ಕಿಟಕಿಯ ಗಾಜಿನ ಮೇಲೆ ಉಸಿರಿನ ಮಬ್ಬು, ಅದರ ಹಿಂದೆ ಮುಖ. ಕೊನೆಯ ಚಿತ್ರದಲ್ಲಿ, ಮೇಜು ಉದ್ದಕ್ಕೂ ಚಾಚಿ ಎಲ್ಲರೂ ಬಟ್ಟಲೆತ್ತಿ ನಗುತ್ತಿರುವಾಗ, ಅವಳು ಎಲ್ಲೂ ಇರಲಿಲ್ಲ.

"ಇಷ್ಟು ವರ್ಷ ಈ ಪುಸ್ತಕ ಎತ್ತಿ ಹಿಡಿದು ಮಕ್ಕಳಿಗೆ ತೋರಿಸ್ತಾ ಬಂದಿದೀನಲ್ಲ," ಎಂದಳು ಡಾರ್ಲೀನ್.

ರಾಯ್ ಬಂದಾಗ ಅವನಿಗೂ ತೋರಿಸಿದಳು. "ಬಣ್ಣ ಮೆತ್ತಿದೆ ಬಿಡೆ," ಎಂದು ನಕ್ಕ. ಆಮೇಲೆ ಪುಸ್ತಕವನ್ನು ದೀಪದ ಹತ್ತಿರ ಹಿಡಿದು ನೋಡಿ, "ಊಟದವರನ್ನ ನೋಡ್ತಿಲ್ಲ ಇವಳು. ನಮ್ಮನ್ನ ನೋಡ್ತಿದಾಳೆ," ಎಂದು ಮುಚ್ಚಿಟ್ಟ.

"ನಂಗೆ ಗೊತ್ತಿತ್ತು," ಎಂದಳು ಸೌದೆ ಪೆಟ್ಟಿಗೆಯ ಮೇಲಿದ್ದ ಕೊರಿನ್. ಆ ಹೊತ್ತಿಗೆ ಟೆಡ್ಡಿ ಜಾಮ್ ಬೇಕೆಂದು ರಂಪ ಎಬ್ಬಿಸಿದ್ದರಿಂದ ಅವಳ ಮಾತು ಯಾರಿಗೂ ಕೇಳಿಸಲಿಲ್ಲ.

ಮಾರನೆಯ ದಿನ ಡಾರ್ಲೀನ್ ಲೈಬ್ರರಿಯ ಪ್ರತಿ ತೆಗೆದು ನೋಡಿದಳು. ಅದರಲ್ಲೂ ಇದ್ದಳು. ಶಾಲೆಯ ಪ್ರತಿಯಲ್ಲೂ, ಚರ್ಚಿನ ಭಾನುವಾರದ ಪಾಠಶಾಲೆಯ ಹರಿದ ಪ್ರತಿಯಲ್ಲೂ ಇದ್ದಳು. ಶಾಲೆಯ ಸುಂಡ್‌ಕ್ವಿಸ್ಟ್ ಮೇಡಂ ನಿವೃತ್ತಿಯ ಅಂಚಿನಲ್ಲಿದ್ದವರು, ತಲೆಮಾರುಗಳಿಗೆ ಆ ಕತೆ ಓದಿ ಹೇಳಿದವರು.

"ಹುಡುಗಿನಾ? ನನ್ನನ್ನ ಕೇಳು, ಆ ಪುಸ್ತಕದ ಒಂದೊಂದು ನೊಣಾನೂ ಗೊತ್ತು ನಂಗೆ," ಎಂದರು.

ಡಾರ್ಲೀನ್ ಬೆರಳಿಟ್ಟು ತೋರಿಸಿದಳು. ಮೇಡಂ ಮಕ್ಕಳ ಪುಟ್ಟ ಕುರ್ಚಿಯ ಮೇಲೆ ಮೆಲ್ಲಗೆ ಕೂತರು. ಸಂಜೆ ಅವರೇ ಫೋನ್ ಮಾಡಿದರು. "ಈ ವರ್ಷ ಅದನ್ನ ಹಾಳೆಗೆ ಹಾಕ್ಬೇಡಮ್ಮ. ನಂಗೆ ಇನ್ನು ಅದನ್ನ ಓದಕ್ಕಾಗಲ್ಲ."

ಅಂದಿನಿಂದ ಮನೆಯ ಗಾಳಿಯೇ ಬೇರೆಯಾಯಿತು. ಡಾರ್ಲೀನ್ ನೆಲಮಾಳಿಗೆಗೆ ಬಟ್ಟೆ ಒಗೆಯಲು ಹೋದರೆ ಮೆಟ್ಟಿಲ ಹಿಂದೆ ಏನೋ ಬೂದು ಬಣ್ಣ ಸರಿದಂತಾಗುತ್ತಿತ್ತು. ಬುಧವಾರದ ಕತೆಯ ಹೊತ್ತಿಗೆ ಲೈಬ್ರರಿಗೆ ಬರುವ ಮಕ್ಕಳ ಲೆಕ್ಕಕ್ಕೆ ಸರಿಯಾಗಿ ಬಿಸ್ಕತ್ತು ಒಯ್ಯುತ್ತಿದ್ದಳು. ಹಂಚುವಾಗ ಪ್ರತಿ ಸಲ ಒಂದು ಕಡಿಮೆ ಬೀಳುತ್ತಿತ್ತು. ಟೆಡ್ಡಿಯನ್ನು ಗದರಿದಳು. ಅವನು ತಾನು ಎರಡು ತಿನ್ನಲಿಲ್ಲವೆಂದು ಅತ್ತ. ಶಾಲೆ ಮುಗಿಸಿ ನೇರ ಅಲ್ಲಿಗೆ ಬರುತ್ತಿದ್ದ ಕೊರಿನ್ ಕೋಟುಗಳ ಸಾಲಿನ ಕೆಳಗೆ ಕೂತಿರುತ್ತಿದ್ದಳು.

ಟೆಡ್ಡಿ ಊಟದ ಹೊತ್ತಿನಲ್ಲಿ ತನ್ನ ನಿಸು ಎಂಬ ಸಿಹಿ ಬ್ರೆಡ್ಡಿನ ಒಂದು ತುಂಡು ಮುರಿದು ಒಲೆಯ ಪಕ್ಕ ಇಡಲು ಶುರು ಮಾಡಿದ.

"ಯಾರಿಗೋ ಅದು?" ಎಂದು ಡಾರ್ಲೀನ್ ಕೇಳಿದಳು.

"ಹುಡುಗಿಗೆ."

"ಯಾವ ಹುಡುಗಿ?"

"ಒಲೆ ಹತ್ರ ಇರ್ತಾಳಲ್ಲ, ಅವಳಿಗೆ."

ಪಾತ್ರೆ ತೊಳೆದು ತಿರುಗುವಷ್ಟರಲ್ಲಿ ಬ್ರೆಡ್ಡು ಇರಲಿಲ್ಲ. "ನೀನೇ ತಿಂದ್ಯಾ?" ಎಂದರೆ, "ಇಲ್ಲ, ಹುಡುಗಿ ತಿಂದ್ಳು," ಎಂದ ಟೆಡ್ಡಿ, ಸಹಜವಾಗಿ.

ಡಾರ್ಲೀನಳ ಸಿಟ್ಟು ಅತ್ತೆಯ ಮೇಲೆ ತಿರುಗಿತು. "ನೋಡಿದ್ರಾ ಅತ್ತೆ? ಮಗು ತಲೆ ಕೆಡ್ಸಿಟ್ರಿ. ಇಲ್ಲದಿರೋರಿಗೆ ಊಟ ಇಡ್ತಾನೆ."

"ಬ್ರೆಡ್ ಇಟ್ರೆ ನಿಂಗೇನು ಕಷ್ಟ? ನಾನು ಇರೋದನ್ನ ತೋರಿಸ್ದೆ."

"ಇರೋದು ಪುಸ್ತಕದಲ್ಲಿ. ಮನೇಲಲ್ಲ!"

"ಹಾಗಾದ್ರೆ ನೀನ್ಯಾಕೆ ಹೆದರ್ತೀಯ?"

ಡಾರ್ಲೀನ್ ಒಲೆಗೆ ಸೌದೆ ತುಂಬಿದಳು. ಸೌದೆ ತೆಗೆಯಲು ಪೆಟ್ಟಿಗೆಯ ಹತ್ತಿರ ಬಂದಾಗ ಕೊರಿನ್ ಎದ್ದು ಜಾಗ ಬಿಟ್ಟಳು. ಮುಚ್ಚಳ ಹಾಕಿದ ಮೇಲೆ ಮತ್ತೆ ಕೂತಳು.

ಆ ಭಾನುವಾರ ಗಂಡಹೆಂಡಿರ ನಡುವೆಯೂ ಮಾತು ಬೆಳೆಯಿತು. ರಾಯ್ ತಂಗಿಗೆ ಫೋನ್ ಮಾಡಿದ್ದ. ಆ ನಂಬರೇ ಈಗ ಇಲ್ಲ ಎಂದು ಯಾರದೋ ಯಾಂತ್ರಿಕ ಧ್ವನಿ ಹೇಳಿತ್ತು.

"ಎಷ್ಟು ದಿನ ಹೀಗೆ ರಾಯ್?" ಎಂದಳು ಡಾರ್ಲೀನ್. "ನಂಗೆ ಲೈಬ್ರರಿ ಇದೆ, ಟೆಡ್ಡಿ ಇದಾನೆ, ನಿಮ್ಮಮ್ಮ ಇದಾರೆ. ನಿನ್ನ ತಂಗಿ ಒಂದು ಮಾತು ಹೇಳ್ದೆ ಮಾಯ ಆಗ್ಬಿಟ್ಟಿದಾಳೆ."

"ನನ್ನ ರಕ್ತ ಕಣೆ. ಬೀದಿಗೆ ಹಾಕ್ಲಾ?"

"ಬೀದಿಗೆ ಹಾಕು ಅಂದ್ನಾ ನಾನು? ಒಂದು ದಾರಿ ನೋಡು ಅಂದೆ. ಬೇಸಗೆ ಬಂದ್ರೆ ಶಾಲೇನೂ ಇರಲ್ಲ. ಆಗೇನು?"

"ಬೇಸಗೆಗೆ ಇನ್ನೂ ಎಷ್ಟು ದಿನ ಇದೆ."

"ನಿಂಗೇನಪ್ಪ, ನೀನು ರಸ್ತೇಲಿರ್ತೀಯ."

ಕೊರಿನ್ ಮಹಡಿಯ ಮೆಟ್ಟಿಲ ಮೇಲೆ ತಟ್ಟೆ ಹಿಡಿದು ಕೂತಿದ್ದಳು. ಅಂದಿನಿಂದ ಅವಳು ಸೌದೆ ಪೆಟ್ಟಿಗೆ ಬಿಟ್ಟು ಮೆಟ್ಟಿಲ ಮೇಲೇ ಉಣ್ಣತೊಡಗಿದಳು. ಕೆಲವು ದಿನದ ಮೇಲೆ ಮನೆಪಾಠ ಇದೆಯೆಂದು ತಟ್ಟೆಯನ್ನು ಹಿತ್ತಲ ಸೌನಾಕ್ಕೆ, ಹಬೆಸ್ನಾನದ ಪುಟ್ಟ ಮನೆಗೆ, ಒಯ್ದಳು. ಅಲ್ಲಿ ಬಟ್ಟೆ ಬದಲಿಸುವ ಕೋಣೆಯಲ್ಲಿ ಒಂದು ಬೆಂಚಿತ್ತು, ಕಿಟಕಿಯಿಂದ ಅಡುಗೆಮನೆ ಕಾಣುತ್ತಿತ್ತು. ಡಾರ್ಲೀನ್ ಪಾತ್ರೆ ತೊಳೆಯುತ್ತ ತಲೆಯೆತ್ತಿದಾಗ ಒಮ್ಮೆ ಆ ಕಿಟಕಿಯಲ್ಲಿ ಮಂಜಾದ ಗಾಜಿನ ಹಿಂದೆ ಒಂದು ಮುಖ ಕಂಡು ಬಟ್ಟಲು ಕೈಜಾರಿ ಒಡೆಯಿತು. ರಾಯ್ ಹೋಗಿ ನೋಡಿ ಬಂದು, "ಕೊರಿನ್ ಪಾಠ ಓದ್ತಿದಾಳೆ, ಇನ್ಯಾರೂ ಇಲ್ಲ," ಎಂದ. ಡಾರ್ಲೀನ್ ಎದೆಯ ಮೇಲೆ ಕೈಯಿಟ್ಟುಕೊಂಡು, "ಸದ್ಯ, ಯಾರೂ ಇಲ್ವಲ್ಲ," ಎಂದಳು.

ಹಳದಿ ಹಾಳೆ ಅಚ್ಚಿಗೆ ಹೋಗಬೇಕಾದ ವಾರ ಬಂತು. ಶನಿವಾರ ಮಧ್ಯಾಹ್ನ ಸುಪೀರಿಯರ್ ಸರೋವರದ ಕಡೆಯಿಂದ ಗಾಳಿ ಎದ್ದಿತು. ಹಿಮ ಕೆಳಕ್ಕೆ ಬೀಳದೆ ಅಡ್ಡಡ್ಡ ಹಾರುತ್ತಿತ್ತು. ರಾಯ್ ಲಾರಿ ತೆಗೆದುಕೊಂಡು ಹೋಗಿದ್ದ. ಲೆಂಪಿ ಸೌನಾಕ್ಕೆ ಬೆಂಕಿ ಹಾಕುತ್ತಿದ್ದಳು. ಡಾರ್ಲೀನ್ ಸ್ಕಾರ್ಫು ಸುತ್ತಿಕೊಂಡು, ಹತ್ತಿರದಲ್ಲೇ ಇದ್ದ ಲೈಬ್ರರಿಗೆ ನಡೆದು ಹೋದಳು. ಬಾಗಿಲು ತೆರೆದು ಹಿಡಿದು, ಬೂಟಿನ ಹಿಮ ಕೊಡವಿ ಒಳಗೆ ಹೋದಳು.

ಶನಿವಾರ ಲೈಬ್ರರಿಗೆ ರಜೆ. ಅವಳು ಮಕ್ಕಳ ಕೋಣೆಯ ತನ್ನ ಮೇಜಿನ ದೀಪವೊಂದನ್ನೇ ಹಾಕಿ ಟೈಪ್ ಮಾಡಲು ಕೂತಳು. ಎರಡನೆಯ ಪುಸ್ತಕದಿಂದ ಕೊನೆಯದರವರೆಗೂ ಸಲೀಸಾಗಿ ಬಂತು. ಯಾಕೆ ಓದಬೇಕು, ಯಾವ ವಯಸ್ಸಿಗೆ ಎಂದು ಒಂದೊಂದಕ್ಕೂ ಎರಡು ಸಾಲು. ಮೊದಲನೆಯ ಸಾಲು ಮಾತ್ರ ಖಾಲಿ. 'ಉದ್ದನೆಯ ಮೇಜು' ಎಂದು ಹೊಡೆದಳು, ಅಳಿಸಿದಳು, ಮತ್ತೆ ಹೊಡೆದಳು.

ಆಗ ಒದ್ದೆ ಉಣ್ಣೆಯ ವಾಸನೆ ಬಂತು. ಶೆಲ್ಫುಗಳ ಆಚೆ, ಕಿಟಕಿಯ ಕಡೆಯಿಂದ, ಹಾಳೆ ತಿರುವಿದಂತೆ ಸದ್ದು. ಟೈಪ್ ಮಾಡುವುದನ್ನು ನಿಲ್ಲಿಸಿದಳು. ಸದ್ದೂ ನಿಂತಿತು. ಮತ್ತೆ ಒಂದು ಕೀಲಿ ಒತ್ತಿದಳು. ಮತ್ತೆ ಹಾಳೆ ತಿರುವಿದ ಸದ್ದು.

"ಯಾರು?" ಎಂದಳು.

ಗಾಳಿ ಕಿಟಕಿಯನ್ನು ಅಲುಗಾಡಿಸುತ್ತಿತ್ತು. ಡಾರ್ಲೀನ್ ಕೈಗೆ ಸಿಕ್ಕಿದ ಹಾಳೆಗಳನ್ನು ಚೀಲಕ್ಕೆ ತುರುಕಿ, ಹೀಟರು ಆರಿಸಿದಳು. ಮೇಜಿನ ದೀಪ ಆರಿಸಿ, ಬಾಗಿಲ ಬಳಿ ದೊಡ್ಡ ದೀಪದ ಸ್ವಿಚ್ಚು ಒಮ್ಮೆ ಹಾಕಿ ಇಡೀ ಕೋಣೆಯನ್ನು ನೋಡಿದಳು. ಗಿಡ್ಡ ಕುರ್ಚಿಗಳು, ಶೆಲ್ಫುಗಳು, ಕಿಟಕಿ. ಏನೂ ಇರಲಿಲ್ಲ. ದೀಪ ಆರಿಸಿದಳು, ಬೀಗ ಹಾಕಿದಳು, ಗಾಳಿಗೆ ಮುಖ ಕೊಟ್ಟು ಓಡಿದಂತೆ ಮನೆಗೆ ಬಂದಳು.

ಕತ್ತಲು ಬೇಗ ಬಿತ್ತು. ರಾಯ್ ಊಟಕ್ಕೆಂದು ಬಂದ. ಲೆಂಪಿ ಸೌನಾ ಮುಗಿಸಿ ಕೆಂಪು ಮುಖದಲ್ಲಿ ಕೂತಿದ್ದಳು. ಡಾರ್ಲೀನ್ ಮೇಜಿನ ಮೇಲೆ ನಾಲ್ಕು ತಟ್ಟೆ ಇಟ್ಟು ಪ್ಯಾಸ್ಟಿ ಬಡಿಸಿದಳು.

ಟೆಡ್ಡಿ ಬ್ರೆಡ್ಡು ಮುರಿಯಲಿಲ್ಲ. "ಇವತ್ತು ಇಡಲ್ಲ. ಹುಡುಗಿ ಹೋಗ್ಬಿಟ್ಳು," ಎಂದ.

ಡಾರ್ಲೀನ್ ಅವನ ಕಡೆ ತಿರುಗಿದಳು. "ಎಲ್ಲಿಗೆ?"

"ನಿನ್ನ ಹಿಂದೆ ಬಂದ್ಳಲ್ಲಮ್ಮ. ಕಿಟಕಿಯಿಂದ ನೋಡ್ದೆ. ನೀನು ಕಾಲಿಟ್ಟಲ್ಲೇ ಕಾಲಿಟ್ಕೊಂಡು, ಹಿಂದೆ ಹಿಂದೇನೇ ಬಂದ್ಳು."

"ಅತ್ತೆ, ಕೇಳಿದ್ರಾ? ಕೇಳಿದ್ರಾ ಇವನ ಮಾತು?" ಡಾರ್ಲೀನ್ ಚೀರಿದಂತೆ ಹೇಳಿದಳು. "ಲೈಬ್ರರಿಲಿ ಯಾರೋ ಇದ್ರು. ಹಾಳೆ ತಿರುಗಿಸ್ತಾ ಇದ್ರು. ನನ್ನನ್ನ ಹುಚ್ಚಿ ಅಂತೀರಿ ಅಂತ ಸುಮ್ನಿದ್ದೆ!"

"ಕೂತ್ಕೊಳೆ," ಎಂದ ರಾಯ್. "ಟೆಡ್ಡಿ, ಅಮ್ಮನ್ನ ಹೆದರಿಸ್ಬೇಡ. ಪುಸ್ತಕದ ಹುಡುಗಿ ಹೊರಗೆ ಬರಲ್ಲ."

"ಪುಸ್ತಕದ್ದಲ್ಲಪ್ಪ," ಎಂದ ಟೆಡ್ಡಿ, ಇವರಿಗೇನು ತಿಳಿಯುವುದಿಲ್ಲವೇ ಎಂಬಂತೆ. "ನಮ್ಮ ಹುಡುಗಿ."

ರಾಯ್ ಸೌದೆ ಪೆಟ್ಟಿಗೆಯ ಕಡೆ ತಿರುಗಿದ. ಆಮೇಲೆ ಮೆಟ್ಟಿಲ ಕಡೆ. "ಕೊರಿನ್ ಎಲ್ಲಿ?"

"ನಿಮ್ಮ ಜೊತೆ ಸೌನಾದಲ್ಲಿ ಇರ್ಲಿಲ್ವಾ ಅತ್ತೆ?"

"ನಿನ್ನ ಜೊತೆ ಹೋದ್ಳು ಅಂದ್ಕೊಂಡೆ ನಾನು."

ರಾಯ್ ಮಹಡಿಗೆ ಓಡಿ, "ಕೊರಿನ್! ಕೊರಿನ್!" ಎಂದು ಕೂಗಿದ. ಆ ಹೆಸರು ಆ ಮನೆಯಲ್ಲಿ ಅಷ್ಟು ಜೋರಾಗಿ ಕೇಳಿಸಿದ್ದು ಅದೇ ಮೊದಲು. ಡಾರ್ಲೀನ್ ತಾನೇ ಇಟ್ಟ ನಾಲ್ಕು ತಟ್ಟೆಗಳನ್ನು ನೋಡುತ್ತ ನಿಂತಿದ್ದಳು. ಒದ್ದೆ ಉಣ್ಣೆಯ ವಾಸನೆ ಅವಳ ಮೂಗಿಗೆ ಮತ್ತೆ ಬಂದಂತಾಯಿತು. ಮೊಳೆಯಲ್ಲಿದ್ದ ಬೀಗದ ಕೈ ತೆಗೆದುಕೊಂಡು, ಕೋಟೂ ಹಾಕದೆ ಹೊರಗೆ ಓಡಿದಳು.

ರಾಯ್ ಲಾರಿಯಲ್ಲಿ ಬಂದು ಅರ್ಧ ದಾರಿಯಲ್ಲಿ ಅವಳನ್ನು ಹತ್ತಿಸಿಕೊಂಡ. ಲೈಬ್ರರಿಯ ಬಾಗಿಲಿನ ಮುಂದೆ ಹಿಮ ಮೊಣಕಾಲೆತ್ತರ ಕೂತಿತ್ತು. ಒಳಗೆ ಹೊರಗಿನಷ್ಟೇ ಚಳಿ. ಡಾರ್ಲೀನ್ ಮಕ್ಕಳ ಕೋಣೆಯ ದೀಪ ಹಾಕಿದಳು.

ಕೊರಿನ್ ಕಿಟಕಿಯ ಕೆಳಗೆ ಗಿಡ್ಡ ಕುರ್ಚಿಯಲ್ಲಿ ಕೂತಿದ್ದಳು. ಬಾಗಿಲಿಗೆ ನೇರ ಎದುರಾಗಿ. ಕೋಟಿನ ತೋಳಿನೊಳಗೆ ಕೈ ಎಳೆದುಕೊಂಡಿದ್ದಳು, ತುಟಿ ನೀಲಿಗಟ್ಟಿತ್ತು. ತೊಡೆಯ ಮೇಲೆ ಪುಸ್ತಕ ತೆರೆದೇ ಇತ್ತು. ಬೆಳಕು ಬಿದ್ದಾಗ ಕಣ್ಣು ಕಿರಿದು ಮಾಡಿದಳೇ ಹೊರತು ಏಳಲಿಲ್ಲ.

ಡಾರ್ಲೀನ್ ಅವಳ ಮುಂದೆ ಕುಸಿದು ಕೂತು ಕೈಗಳನ್ನು ಉಜ್ಜತೊಡಗಿದಳು. "ಯಾಕೆ ಪುಟ್ಟಾ ಕೂಗ್ಲಿಲ್ಲ? ನಾನು ಬೀಗ ಹಾಕಿದ್ದು ಗೊತ್ತಾಗ್ಲಿಲ್ವಾ?"

"ಗೊತ್ತಾಯ್ತು."

"ಯಾರು ಅಂತ ಕೇಳಿದ್ನಲ್ಲ. ಆಗ ಮಾತಾಡ್ಬಾರ್ದಾ?"

"ಯಾರು ಅಂದ್ರಿ. ಏನು ಹೇಳ್ಬೇಕು ಅಂತ ಗೊತ್ತಾಗ್ಲಿಲ್ಲ ಆಂಟಿ." ಅವಳ ಹಲ್ಲು ಕಟಕಟ ಎನ್ನುತ್ತಿತ್ತು. "ಆಮೇಲೆ ನೀವು ದೊಡ್ಡ ಲೈಟ್ ಹಾಕಿ ನನ್ನನ್ನೇ ನೋಡಿದ್ರಿ. ನೋಡಿ ಆರಿಸಿದ್ರಿ. ಬೇಕಂತಲೇ ಅಂದ್ಕೊಂಡೆ."

ರಾಯ್ ಗೋಡೆಯ ಕಡೆ ಮುಖ ತಿರುಗಿಸಿದ. ಹುಡುಗಿಯನ್ನು ರಾಯ್ ಎತ್ತಿಕೊಂಡು ಲಾರಿಯ ಬೆಚ್ಚನೆಯ ಕ್ಯಾಬಿನ್ನಿನಲ್ಲಿ ಕೂರಿಸಿದ.

ಡಾಕ್ಟರು ಬಂದು ಚಳಿಗೆ ಮರಗಟ್ಟಿದ ಕಾಲ್ಬೆರಳು ನೋಡಿ, ಉಳಿಯುತ್ತವೆ ಎಂದು ಹೇಳಿ ಹೋದ ಮೇಲೆ, ಕೊರಿನ್‌ಗೆ ಲೆಂಪಿಯ ಹಾಸಿಗೆಯಲ್ಲಿ ನಿದ್ದೆ ಹತ್ತಿತು. ಅತ್ತೆ ಸೊಸೆ ಅಡುಗೆಮನೆಯಲ್ಲಿ ಕೂತರು. ಪ್ಯಾಸ್ಟಿಗಳು ತಟ್ಟೆಯಲ್ಲೇ ತಣ್ಣಗಾಗಿದ್ದವು.

"ಹುಡುಗಿಗೆ ಜಾಗ ಇಲ್ಲ, ಜಾಗ ಇಲ್ಲ ಅಂತಿದ್ರಲ್ಲ ಅತ್ತೆ," ಎಂದಳು ಡಾರ್ಲೀನ್. "ಇವಳ ಬಗ್ಗೇನೇ ಹೇಳ್ತಿದ್ರಾ?"

ಲೆಂಪಿ ತಲೆಯಾಡಿಸಿದಳು. "ಹೌದು ಅಂದ್ರೆ ಸುಳ್ಳಾಗುತ್ತೆ. ನಾನು ಚಿತ್ರ ನೋಡ್ತಾ ಇದ್ದೆ ಕಣೆ. ಇವಳು ಪೆಟ್ಟಿಗೆ ಮೇಲೆ ಕೂತಿರ್ತಿದ್ಳು, ನಾನು ಬೆನ್ನು ಕೊಟ್ಕೊಂಡು ಆ ಹುಡುಗಿಗೆ ಅಯ್ಯೋ ಪಾಪ ಅಂತಿದ್ದೆ. ನನ್ನ ಸ್ವಂತ ಮೊಮ್ಮಗಳು."

"ಬಿಸ್ಕತ್ತು ಕಡಿಮೆ ಬೀಳ್ತಿತ್ತು ಬುಧವಾರ," ಎಂದಳು ಡಾರ್ಲೀನ್. "ಇವಳನ್ನ ನಾನು ಎಣಿಸ್ತಾನೇ ಇರ್ಲಿಲ್ಲ."

ಬೆಳಿಗ್ಗೆ ಯಾರೂ ಹೇಳದೆಯೇ ರಾಯ್ ಫ್ರಿಜ್ಜನ್ನು ಒಬ್ಬನೇ ಎಳೆದು ಹಿಂದಿನ ಜಗಲಿಗೆ ಹಾಕಿದ. ಇನ್ನು ಹಾಲು ಬೇಕೆಂದರೆ ಎಲ್ಲರೂ ಚಳಿಯಲ್ಲಿ ಹೊರಗೆ ಹೋಗಬೇಕು. ಮೇಜನ್ನು ಗೋಡೆಯಿಂದ ಬಿಡಿಸಿ ನಡುವಿಗೆ ತಂದ. ನೆಲಮಾಳಿಗೆಯಿಂದ ಒಂದು ಕುರ್ಚಿ ತಂದು ಕಾಲಿಗೆ ಮೊಳೆ ಹೊಡೆದ.

ಕೊರಿನ್ ಅದರ ಮೇಲೆ ತಕ್ಷಣ ಕೂರಲಿಲ್ಲ. ಕುರ್ಚಿ ಬಂತೆಂದು ಹುಡುಗಿ ಸಕ್ಕರೆಯಾಗಲಿಲ್ಲ. ಅಲ್ಲಿಯವರೆಗೆ ಒಂದು ಮಾತಾಡದಿದ್ದವಳು ಈಗ ಎಲ್ಲಕ್ಕೂ ತಿರುಗಿ ಬೀಳತೊಡಗಿದಳು. ಡಾರ್ಲೀನ್ ಹೊಸ ಕೋಟು ತಂದರೆ, "ಹಳೇದೇ ಸಾಕು, ನಿಮ್ಮ ಕನಿಕರ ಬೇಡ," ಎಂದಳು. ಟೆಡ್ಡಿ ತಲೆದಿಂಬು ಎಳೆದನೆಂದು ಅವನ ಕೂದಲು ಹಿಡಿದಳು. ಒಂದು ದಿನ ಲೆಂಪಿ ಕಾಡುಹಣ್ಣಿನ ಜಾಮ್ ಬಾಟಲಿ ಕೊಟ್ಟರೆ ಬೇಕೆಂದೇ ನೆಲಕ್ಕೆ ಬಿಟ್ಟಳು.

"ಎತ್ತು ಅದನ್ನ!" ಎಂದಳು ಡಾರ್ಲೀನ್, ಮೊದಲ ಬಾರಿಗೆ ಸಿಟ್ಟಾಗಿ.

"ಎತ್ತಲ್ಲ!"

"ಎತ್ತದೆ ಇದ್ರೆ ಸಂಜೆ ಊಟ ಇಲ್ಲ."

"ಬೇಡ. ಇಷ್ಟು ದಿನ ಕೊಟ್ಟಿದ್ರಾ?"

ಡಾರ್ಲೀನ್ ಬಟ್ಟೆ ತಂದು ನೆಲಕ್ಕೆ ಕೂತು ಗಾಜು ಆರಿಸತೊಡಗಿದಳು. ಸ್ವಲ್ಪ ಹೊತ್ತಿಗೆ ಕೊರಿನ್ ಕೂಡ ಎದುರಿಗೆ ಕೂತು ಇನ್ನೊಂದು ಬಟ್ಟೆಯಲ್ಲಿ ಒರೆಸಿದಳು. ಅಂದು ಸಂಜೆ ಕೊರಿನ್ ಕುರ್ಚಿಯಲ್ಲಿ ಕೂತಳು.

ಹಳದಿ ಹಾಳೆ ಆ ವರ್ಷ ತಡವಾಗಿ ಬಂತು. ಸುಂಡ್‌ಕ್ವಿಸ್ಟ್ ಮೇಡಂ ಬೇಡವೆಂದರೂ ಮೊದಲ ಹೆಸರು 'ಉದ್ದನೆಯ ಮೇಜು' ಎಂದೇ ಇತ್ತು. ಅದರ ಕೆಳಗೆ ಬೇರೆ ಪುಸ್ತಕಗಳಿಗಿದ್ದಂತೆ ವಯಸ್ಸು, ವಿವರಣೆ ಇರಲಿಲ್ಲ. 'ಓದುವ ಮೊದಲು ಮಗುವಿನ ಜೊತೆ ಚಿತ್ರ ನೋಡಿ' ಎಂದಷ್ಟೇ ಇತ್ತು. ಕೆಲವರು ಪುಸ್ತಕ ನೋಡಿ ನಿದ್ದೆಗೆಟ್ಟೆವೆಂದು ಲೈಬ್ರರಿಗೆ ಬಂದು ಜಗಳ ತೆಗೆದರು. ಡಾರ್ಲೀನ್ ವಾದಿಸಲಿಲ್ಲ. "ನಂಗೂ ಹಾಗೇ ಆಯ್ತು," ಎನ್ನುತ್ತಿದ್ದಳು.

ಏಪ್ರಿಲಿನಲ್ಲಿ, ರಸ್ತೆ ಬದಿಯ ಹಿಮದ ಗುಡ್ಡೆಗಳು ಕಪ್ಪಾಗಿ ಕುಗ್ಗುತ್ತಿದ್ದ ಒಂದು ಭಾನುವಾರ, ಪೌಲಾ ಫೋನು ಪತ್ರ ಯಾವುದೂ ಇಲ್ಲದೆ ಬಂದಿಳಿದಳು. ಕೂದಲು ಕತ್ತರಿಸಿದ್ದಳು, ಹೊಸ ಬೂಟು ಹಾಕಿದ್ದಳು. ಊಟದ ಹೊತ್ತು. ಬಾಗಿಲು ತೆರೆಯುತ್ತಿದ್ದಂತೆ ಮಾತಿನ ಮಳೆ ಸುರಿಸಿದಳು.

"ಅಮ್ಮಾ, ಇಳಿದುಹೋಗಿದೀಯಲ್ಲೇ! ಟೆಡ್ಡಿ, ಎಷ್ಟುದ್ದ ಬೆಳೆದ್ಯೋ ಕಳ್ಳ! ರಾಯ್, ಬೈಬೇಡ, ಎಲ್ಲ ಹೇಳ್ತೀನಿ. ಕೆಲಸ ಸಿಕ್ಕಿದೆ, ಎರಡು ಕೋಣೆ ಮನೆ ಸಿಕ್ಕಿದೆ. ಓ, ಫ್ರಿಜ್ ಎಲ್ಲಿ ಹಾಕಿದ್ರಿ? ಅಡುಗೆಮನೆ ದೊಡ್ಡದಾಗಿದೆ!"

ಲೆಂಪಿಯನ್ನು ತಬ್ಬಿದಳು. ಟೆಡ್ಡಿಯ ಕೆನ್ನೆ ಹಿಂಡಿದಳು. ಮೇಜಿನ ಸುತ್ತ ಕಣ್ಣಾಡಿಸಿದಳು. ಕುರ್ಚಿಯ ಬೆನ್ನಿಗೆ ಕೈಯಿಟ್ಟು ನಿಂತಿದ್ದ ಕೊರಿನ್ ಮೇಲೂ ಅವಳ ದೃಷ್ಟಿ ಹಾದು, ನಿಲ್ಲದೆ ಮುಂದಕ್ಕೆ ಹೋಗಿ, ಒಲೆಯ ಕಡೆ, ಮೆಟ್ಟಿಲ ಕಡೆ ಹುಡುಕಿತು.

"ಎಲ್ಲಿ ನನ್ನ ಮಗಳು?" ಎಂದಳು.

ರಾಯ್ ಬಾಯಿ ತೆರೆದ. ಲೆಂಪಿ ಅವನ ಮೊಣಕೈ ಹಿಡಿದು ಸುಮ್ಮನಿರಿಸಿದಳು.

"ಇಲ್ಲಿದೀನಿ," ಎಂದಳು ಕೊರಿನ್, ಇಡೀ ಮನೆಗೆ ಕೇಳುವಂತೆ. "ನೀನು ಬಂದಾಗಿಂದ ಇಲ್ಲೇ ನಿಂತಿದೀನಿ ಅಮ್ಮ."

ಪೌಲಾ ತಿರುಗಿದಳು. ನಕ್ಕಳು, ನಗು ಅರ್ಧಕ್ಕೇ ನಿಂತಿತು. "ಅಯ್ಯೋ, ಗುರುತೇ ಸಿಗ್ಲಿಲ್ಲ ಚಿನ್ನ. ಬೆಳಕು ಕಣ್ಣಿಗೆ ಹೊಡೀತಿತ್ತು," ಎಂದು ಕೈ ಚಾಚಿದಳು. "ಬಾ, ಬಟ್ಟೆ ತುಂಬ್ಕೋ. ಕತ್ತಲಾಗೋದ್ರೊಳಗೆ ಹೊರಡೋಣ."

ಕೊರಿನ್ ಅಮ್ಮನ ಕೈ ನೋಡಿದಳು. ಹತ್ತಿರ ಹೋಗಿ ಅದನ್ನು ಒಂದು ಕ್ಷಣ ಹಿಡಿದು, ಬಿಟ್ಟಳು.

"ಶಾಲೆ ಜೂನ್‌ವರೆಗೆ ಇದೆ," ಎಂದಳು. "ಅದಾದ್ಮೇಲೆ ಬರ್ತೀನಾ ಇಲ್ವಾ ಅಂತ ಊಟ ಆದ್ಮೇಲೆ ಹೇಳ್ತೀನಿ. ಈಗ ಹಸಿವಾಗಿದೆ."

ಅವಳು ಕುರ್ಚಿ ಎಳೆದುಕೊಂಡು ಕೂತಳು. ಪೌಲಾ ಬೂಟು ಕೂಡ ಕಳಚದೆ, ಬಾಗಿಲಿಗೂ ಒಲೆಗೂ ನಡುವೆ ಎಲ್ಲಿ ನಿಲ್ಲಬೇಕೆಂದು ತಿಳಿಯದವಳಂತೆ ನಿಂತಿದ್ದಳು. ಕೊರಿನ್ ಅವಳನ್ನು ಒಮ್ಮೆ ನೋಡಿ, ಟೆಡ್ಡಿಯ ಭುಜ ತಳ್ಳಿದಳು.

"ಸರಿಯೋ ಆ ಕಡೆ. ಅಮ್ಮನೂ ಕೂರ್ಬೇಕು."